ಡಜನ್ನಿಗೆ ಆರು ಡಾಲರ್

ಬಾ ಒಳಗೆ, ಬಾಗಿಲು ಹಾಕಿಕೊ, ಸೊಳ್ಳೆ ನುಗ್ಗುತ್ತೆ.
ಇನ್ನೂ ನಾಲ್ಕೂವರೆ. ಟೆನೆಸಿಯ ಈ ದಂಡೆಯಲ್ಲಿ
ಇಷ್ಟು ಹೊತ್ತಿಗೆ ಎದ್ದಿರೋದು ನಾನು, ನೀನು,
ತೊಟ್ಟಿಗೆ ಗಾಳಿ ಊದೋ ಈ ಹಳೇ ಯಂತ್ರ.
ಅದರ ಗುಳುಗುಳು ನಿಂತರೆ
ಎಂಥ ನಿದ್ದೆಯಲ್ಲೂ ನನಗೆ ಎಚ್ಚರಾಗುತ್ತೆ.

ನೀನು ಹೋಬರ್ಟನ ಮೊಮ್ಮಗಳಲ್ವಾ? ಡೆಲ್ಫಾ?
ತಾತ ಟ್ರಕ್ಕಿನಲ್ಲೇ ಕೂತಿದ್ದಾನೆ, ಮಂಡಿ ನೋವು,
ನೀನೇ ಆರಿಸಿಕೊಂಡು ಬಾ ಅಂದನಾ? ಸರಿ.
ಮೊದಲು ಕೈ ತೊಳಿ. ಸೊಳ್ಳೆ ಎಣ್ಣೆ ಹಚ್ಚಿದ ಬೆರಳು
ಅದ್ದಿದರೆ ಸಾಕು, ನನ್ನ ಅರ್ಧ ಅಂಗಡಿ
ಹೊಟ್ಟೆ ಮೇಲಾಗಿ ತೇಲುತ್ತೆ.

ಎರೆಹುಳ ಫ್ರಿಜ್ಜಿನಲ್ಲಿದೆ, ಬೆಣ್ಣೆಯ ಕೆಳಗಿನ ಅರೆಯಲ್ಲಿ.
ಕೆನಡಾದ ಯಾವುದೋ ಹೊಲದಲ್ಲಿ
ಹಣೆಗೆ ದೀಪ, ಕಾಲಿಗೆ ಡಬ್ಬಿ ಕಟ್ಟಿಕೊಂಡು
ಯಾರೋ ಇರುಳೆಲ್ಲ ಬಗ್ಗಿ ಹೆಕ್ಕಿದ್ದು.
ಹುಳ ಒಳ್ಳೇದೇ. ಆದರೆ ಕರೆಯದವರೂ ಬರ್ತಾರೆ ಅದಕ್ಕೆ:
ಬ್ಲೂಗಿಲ್ ಬಂದು ಚೂರು ಚೂರೇ ಕಚ್ಚಿಕೊಂಡು ಹೋಗುತ್ತೆ,
ದೊಡ್ಡ ಬಾಯಿಯ ಬಾಸ್ ಬರೋ ಹೊತ್ತಿಗೆ
ಗಾಳದಲ್ಲಿ ಬರೀ ಗಾಳ.

ಇದು ಕ್ರಾಡ್ಯಾಡ್, ಏಡಿಗೂ ಸೀಗಡಿಗೂ ಹುಟ್ಟಿದ ಹಾಗಿದೆ ನೋಡು.
ನೆನ್ನೆ ರಾತ್ರಿ ಪೊರೆ ಕಳಚಿದ್ದು, ಇನ್ನೂ ಮೆತ್ತಗಿದೆ,
ನಾಳೆಗೆ ಗಟ್ಟಿ. ಆ ಒಂದು ದಿನದ ಸುದ್ದಿ
ಬಾಸಿಗೆ ಯಾರು ಮುಟ್ಟಿಸ್ತಾರೋ!
ಕಲ್ಲಿನ ದಂಡೆಗೆ ಇದೇ ಸೈ.
ಆದರೆ ನಿಮ್ಮ ತಾತ ಹೋಗೋದು ಮುಳುಗಿದ ರಸ್ತೆಗೆ,
ಅಣೆಕಟ್ಟು ಕಟ್ಟೋ ಮೊದಲು ಶಾಲೆಗೆ ನಡೆದು ಹೋಗ್ತಿದ್ದ ರಸ್ತೆ.
ಅಲ್ಲಿಗೆ ಶೈನರ್ ಬೇಕು.

ತಗೋ ಬಲೆ. ನಿಧಾನ ಇಳಿಸು.
ಸುಮ್ಮನೆ ಬಂದು ಒಳಗೆ ಕೂರುತ್ತಲ್ಲ, ಅದು ಬೇಡ.
ಮೂತಿ ಕೆಂಪಗಾದದ್ದು ಬೇಡ.
ಮೂಲೆಗೆ ಓಡಿ, ಗೋಡೆ ಗುದ್ದಿ, ಬಲೆಯ ಕೋಲನ್ನೇ ಹಾರಿ
ನಿನ್ನ ಅಂಗಿಗೆ ನೀರು ಸಿಡಿಸಿತಲ್ಲ,
ಅದು. ಅದನ್ನೇ ಹಿಡಿ.

ಯಾಕೆ ಆ ಬಿಳಚಿಕೊಂಡದ್ದರ ಹಿಂದೆ ಬಿದ್ದೆ?
ರೆಕ್ಕೆ ಹರಿದಿದೆ ಅದರದ್ದು.
ಓ.
ಹೇಗೂ ಸಾಯುತ್ತೆ ಅಂತ.

ಇಪ್ಪತ್ತಾರು ವರ್ಷ ಆಯ್ತು ಈ ಅಂಗಡಿ ತೆಗೆದು,
ಒಬ್ಬರೂ ಹಾಗೆ ಆರಿಸಿರಲಿಲ್ಲ.

ಕೇಳು. ಬೆಂಡು ಹಾಕಿದ ಮೇಲೆ ಮೊದಲು ಏನೂ ಆಗಲ್ಲ.
ತಾತ ಬಿಸ್ಕತ್ತು ತಿಂತಾನೆ. ಮಂಜು ಏಳುತ್ತೆ.
ಆಮೇಲೆ, ಗಾಳಿಯಿಲ್ಲ, ಅಲೆಯಿಲ್ಲ,
ಬೆಂಡು ನಡುಗುತ್ತೆ.
ಇನ್ನೂ ಏನೂ ಕಚ್ಚಿರಲ್ಲ. ಕೆಳಗೆ
ನಿನಗೆ ಕಾಣದ್ದು ಅದಕ್ಕೆ ಕಂಡಿರುತ್ತೆ, ಅಷ್ಟೆ.
ನನ್ನ ಯಜಮಾನ ಲಾಯ್ಡ್, ಆ ನಡುಕ ಕಂಡರೆ
ದೋಣಿಯಲ್ಲೇ ಎದ್ದು ಟೋಪಿ ತೆಗೀತಿದ್ದ,
ಎಷ್ಟು ಬೈದರೂ ಕೂರ್ತಿರಲಿಲ್ಲ.

ಬಾಸಿಗೆ ಮಾಂಸ ಎಲ್ಲಿ ಬೇಕಾದರೂ ಸಿಗುತ್ತೆ ಮಗು.
ಅದು ಬರೋದು ಗಾಬರಿಗೆ.
ನಾನು ಮಾರೋದೂ ಅದನ್ನೇ,
ದಿನಾ ತಣ್ಣೀರು ಎರೆದು, ಹಿಟ್ಟು ಹಾಕಿ ಸಾಕಿ,
ಡಜನ್ನಿಗೆ ಆರು ಡಾಲರ್.
ಬದುಕೋ ಆಸೆ ಇಲ್ಲದ್ದನ್ನು ಕೊಟ್ಟರೆ
ಗಿರಾಕಿ ಬಂದು ಜಗಳ ಆಡ್ತಾನೆ.

ಹೂಂ, ಹತ್ತು, ಹನ್ನೊಂದು, ಹನ್ನೆರಡು.
ತುಟಿಗೆ ಚುಚ್ಚು, ಎರಡೂ ತುಟಿ ಸೇರಿಸಿ, ಕೆಳಗಿನಿಂದ.
ಆಗದಿದ್ದರೆ ತಾತನಿಗೆ ಕೊಡು, ನಾಚಿಕೆ ಏನಿಲ್ಲ.
ಉಳಿದರೆ ಸರೋವರಕ್ಕೆ ಸುರೀಬೇಡ, ವಾಪಸ್ ತಾ.
ದುಡ್ಡು ಹೋಬರ್ಟನ ಲೆಕ್ಕಕ್ಕೆ ಬರೀತೀನಿ.
ಆ ಬಿಳಚಿಕೊಂಡದ್ದು
ಇಲ್ಲೇ ಇರಲಿ, ಈ ಸಣ್ಣ ಬಕೆಟ್ಟಿನಲ್ಲಿ.
ಉಪ್ಪುನೀರು ಹಾಕಿ ನೋಡ್ತೀನಿ, ಮಾತು ಕೊಡಲ್ಲ.

ಇದೇನು, ಯಂತ್ರ ನಿಂತುಹೋಯ್ತಾ?
ಇಲ್ಲ. ಓಡ್ತಾ ಇದೆ.
ನೀನು ಉಸಿರು ಕಟ್ಟಿಕೊಂಡು ನಿಂತಿದೀಯ ಡೆಲ್ಫಾ.
ಬಿಡು.
ಹೋಗ್ತಾ ಬಾಗಿಲು ಹಾಕಿಕೊ.